ಅಪ್ಪನ ಕರಡಿಗೆ

ವಿಜಯನಗರ, ಬೆಂಗಳೂರು
೧೨-೨-೧೯೮೯

ತಮ್ಮ ಕರಿಬಸಪ್ಪನಿಗೆ ಅಣ್ಣನ ಆಶೀರ್ವಾದ.

ಮಾರೇನಹಳ್ಳಿ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಮೊಣಕಾಲು ತಿರುಚಿಕೊಂಡೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ. ಒಳಗೆ ಹರಿದಿರುವುದು ಅದರಲ್ಲಿ ಕಾಣುವುದಿಲ್ಲವಂತೆ. ಬೊಂಬಾಯಿಗೆ ಹೋಗಿ ಎಂ.ಆರ್.ಐ. ಮಾಡಿಸಬೇಕಂತೆ. ಆ ಮಿಷನ್ನೇ ಒಂದು ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹದ ಚೂರೂ ಇರಬಾರದು.

ಡಾಕ್ಟರು ನನ್ನ ಕೊರಳು ನೋಡಿ, “ಆ ಬೆಳ್ಳಿ ಕರಡಿಗೆ ತೆಗೆದು ಜೊತೇಲಿ ಬಂದೋರ ಕೈಗೆ ಕೊಡಬೇಕಾಗುತ್ತೆ. ಯಾರು ಬರ್ತಾರೆ?” ಅಂದರು.

“ತಮ್ಮ ಬರ್ತಾನೆ ಸಾರ್” ಅಂದುಬಿಟ್ಟೆ. ಬೇರೆ ಹೆಸರು ಬಾಯಿಗೆ ಬರಲಿಲ್ಲ.

ಅದರೊಳಗಿನ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತೇನೆ. ಕರಡಿಗೆಯದೇ ಚಿಂತೆ. ಅಪ್ಪನನ್ನು ಮಣ್ಣು ಮಾಡಿದ ದಿನ ಅದಕ್ಕಾಗಿಯೇ ಜಗಳವಾಡಿಕೊಂಡು ದಾವಣಗೆರೆಗೆ ಹೋದವನು ನೀನು, ಮತ್ತೆ ಈ ಮನೆಗೆ ಬರಲಿಲ್ಲ.

ಬೊಂಬಾಯಿಗೆ ಮೀರಜ್‌ನಲ್ಲಿ ಗಾಡಿ ಬದಲಾಯಿಸಬೇಕು, ಮೀರಜ್ ರೈಲು ನಿಮ್ಮೂರಿನ ಮೇಲೇ ಹೋಗುತ್ತದೆ. ಮುಂದಿನ ಸೋಮವಾರ ಸ್ಟೇಷನ್ನಿಗೆ ಬಾ. ನಿನಗೂ ಟಿಕೆಟ್ ತೆಗೆಸಿದ್ದೇನೆ. ದಾರಿಯಲ್ಲಿ ಮಾತಾಡದಿದ್ದರೂ ಸರಿ. ನಾನು ಒಳಗಿರುವಷ್ಟು ಹೊತ್ತು ಕರಡಿಗೆ ಹಿಡಿದುಕೊಂಡು ಹೊರಗೆ ಕೂತಿರು.

ಆಚೆ ಬಂದ ಮೇಲೆ ನಾನದನ್ನು ವಾಪಸು ಕೇಳುವುದಿಲ್ಲ.

ಇಂತಿ ನಿನ್ನ ಅಣ್ಣ,
ಗುರುಸಿದ್ದಪ್ಪ