ಜೊತೆಗಿರುವವರ ಹೆಸರು

ಮಾರ್ಚ್ ೧೧, ಮಂಗಳವಾರ. ಇಲೊಯಿಲೊ.

ಆಸ್ಪತ್ರೆಯ ಫಾರಂನಲ್ಲಿ ಒಂದು ಸಾಲು ಇನ್ನೂ ಪೂರ್ತಿ ತುಂಬಿಲ್ಲ: ಬಂತಾಯ್. ರೋಗಿಯ ಮಂಚದ ಪಕ್ಕ ರಾತ್ರಿಯಿಡೀ ಇರುವವರ ಹೆಸರು. ಅದಿಲ್ಲದೆ ದಾಖಲು ಮಾಡಿಕೊಳ್ಳುವುದಿಲ್ಲ. ಹೃದಯದ ಲಯ ತಪ್ಪಿಸುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಮಾತ್ರೆ ನುಂಗುತ್ತ ನಾಲ್ಕು ವರ್ಷವಾಯಿತು. ಇನ್ನು ಮಾತ್ರೆ ಸಾಲದು, ಹೃದಯಕ್ಕೆ ನಳಿಕೆ ಹಾಯಿಸಿ ಅಬ್ಲೇಶನ್ ಮಾಡಿಸಿಕೊಳ್ಳಿ ಎನ್ನುತ್ತಾರೆ ಡಾಕ್ಟರು. ಯೋಚಿಸಲು ಸಮಯ ಬೇಕೆಂದು ಮೂರು ಸಲ ಸುಳ್ಳು ಹೇಳಿದೆ. ಬರೆಯಲು ಹೆಸರಿಲ್ಲ ಎನ್ನಲು ನಾಚಿಕೆ.

ಸಂಜೆ ಕವಿತೆ ಓದುತ್ತಿದ್ದಾಗ ಎದೆ ಮತ್ತೆ ಲಯ ತಪ್ಪಿ ಬಡಿದುಕೊಂಡಿತು. ಗಾಳಿಗೆಂದು ಮೆಟ್ಟಿಲ ಮೇಲೆ ಕೂತೆ. ಪಕ್ಕದ ಮನೆಯ ಮನಾಂಗ್ ಫೆಲಿಸಾ ಶುಂಠಿ ಹಾಕಿದ ಕೋಳಿಗಂಜಿ ಹಿಡಿದು ಬಂದರು. ಅಕ್ಕನಂತೆ ಅವರನ್ನು ನಾನು ಮನಾಂಗ್ ಎನ್ನುತ್ತೇನೆ, ತಂಗಿಯಂತೆ ನನ್ನನ್ನು ಅವರು ಇಂದಾಯ್ ಎನ್ನುತ್ತಾರೆ.

“ಏನೇ ಇಂದಾಯ್, ಮುಖ ಹಿಂಗ್ಯಾಕೆ ಬಾಡಿದೆ?”

“ಆಪರೇಷನ್‌ಗೆ ಬಂತಾಯ್ ಇಲ್ಲ, ಮನಾಂಗ್.”

“ಯಾಕೆ, ನಾನು ಸತ್ತೋದ್ನಾ? ನಾನ್ ಬರ್ತೀನಿ. ಗೊರಕೆ ಹೊಡೀತೀನಿ, ಬೈಬಾರ್ದು ಅಷ್ಟೆ.”

ನಕ್ಕುಬಿಟ್ಟೆ. ಅವರು ಹೋದ ಮೇಲೆ ಆ ಸಾಲಿನಲ್ಲಿ ಫೆಲಿಸಾ ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ಗೋಡೆಯಾಚೆ ಇದ್ದಾರೆ, ಅವರ ಮನೆತನದ ಹೆಸರೇನೆಂದು ಒಮ್ಮೆಯೂ ಕೇಳಿಲ್ಲ. ನನಗೆ ಯಾರೂ ಇಲ್ಲ ಎಂದು ಇದೇ ದಿನಚರಿ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ.

ನಾಳೆ ದಿನ ಗೊತ್ತುಮಾಡಲು ಆಸ್ಪತ್ರೆಗೆ ಫೋನ್ ಮಾಡುವ ಮೊದಲು ಅವರ ಬಾಗಿಲು ತಟ್ಟಬೇಕು. ಇಷ್ಟು ವರ್ಷದ ಮೇಲೆ ಯಾವ ಮುಖ ಇಟ್ಟುಕೊಂಡು ಪೂರ್ತಿ ಹೆಸರು ಕೇಳಲಿ?