ತೂಕದ ಯಂತ್ರ ನುಂಗಿದ ಹಂದಿ

ಓಕ್ಲೆಂಡ್, ಕ್ಯಾಲಿಫೋರ್ನಿಯಾ
4 ಮಾರ್ಚ್ 1978

ಫ್ರೆಸ್ನೊದ ತೂಕ ಇಳಿಸುವ ಹೆಂಗಸರ ಸಂಘದ ಅಧ್ಯಕ್ಷೆಯೂ, ಜೊತೆಗೆ ನನ್ನನ್ನು ಹೆತ್ತವಳೂ ಆದ ಅಮ್ಮನಿಗೆ,

ನಿನ್ನ ಪತ್ರ ಬಂತು. ಟಿವಿಯಲ್ಲಿ ನಮ್ಮ ದಪ್ಪ ಹೆಂಗಸರ ಮೆರವಣಿಗೆಯ ಹಂದಿ ಚಿತ್ರವನ್ನು ಕಂಡು ಸಂಘದವರೆಲ್ಲ ನಿನ್ನ ಮುಖ ನೋಡಿದರಂತೆ. ನಾವು ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ. ಆ ಚಿತ್ರ ಕೈಬಿಡು ಎಂದಿದ್ದೀಯ. ಬಿಡುವುದಿಲ್ಲ. ಬರುವ ಶನಿವಾರ ಅದನ್ನೇ ಹೊತ್ತು ಇಲ್ಲಿನ ತೂಕದ ಡಾಕ್ಟರನ ಕ್ಲಿನಿಕ್ ಮುಂದೆ ನಿಲ್ಲುತ್ತೇವೆ. ನೀನು ಊಟ ಪೂರ್ತಿ ಬಿಟ್ಟು ಬಾಟಲಿಯ ಪ್ರೋಟೀನ್ ರಸ ಶುರು ಮಾಡಿದ್ದನ್ನೂ ಓದಿದೆ. ಸಂಘಕ್ಕೆ ಮೇಲ್ಪಂಕ್ತಿಯಂತೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಹಂದಿ ನಿನ್ನದೇ, ಒಪ್ಪುತ್ತೇನೆ. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ತೂಕ. ಆ ವಾರ ತೂಕ ಏರಿದವಳ ಕೊರಳಿಗೆ ಗುಲಾಬಿ ಬಟ್ಟೆಯ ಹಂದಿ. ಉಳಿದವರು ಸುತ್ತ ನಿಂತು ಹಂದಿಯ ಹಾಡು ಹಾಡಿ ಚಪ್ಪಾಳೆ ತಟ್ಟಬೇಕು. ಹೊಲಿದವಳು ನೀನು. ಬಾಲ ಸುರುಳಿ ಸುತ್ತಲೆಂದು ಒಳಗೆ ತಂತಿ ಬೇರೆ ಇಟ್ಟಿದ್ದೆ. ಒಂಬತ್ತು ವರ್ಷದ ನನ್ನ ಕೊರಳಿಗೂ ಅದನ್ನು ಹಾಕಿ ಮೊದಲು ಹಾಡು ಎತ್ತಿದವಳೂ ನೀನೇ. ಇಡೀ ದಿನಕ್ಕೆ ಅರ್ಧ ಪೀಚ್ ಹಣ್ಣು ತಿಂದು, ಕೂದಲಿಗೆ ಮಾತ್ರ ಗಂಟೆಗಟ್ಟಲೆ ಗುಂಗುರು ಮಾಡಿಸಿಕೊಂಡು ಬರುತ್ತಿದ್ದ ನಿನ್ನ ಗೆಳತಿಯರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅವರ ಬಗ್ಗೆ ನನಗೆ ಈಗಲೂ ಮರುಕ ಹುಟ್ಟುವುದಿಲ್ಲ.

ನಾನು ಮೊದಲು ಬರೆದ ಹಂದಿ ನಗುತ್ತಿತ್ತು. ನಮ್ಮ ಗುಂಪಿನ ಡೆಲ್ಫೀನ್, ಸಿಟಿ ಬಸ್ ಓಡಿಸುವವಳು, ಅದನ್ನು ನೋಡಿ ಮೂಗು ಮುರಿದಳು.

"ಯಾಕೆ ಹಲ್ಲು ಕಿರೀತಿದೆ ಇದು? ದಪ್ಪ ಇದೀನಿ, ತಪ್ಪಾಯ್ತು ಅಂತಾನಾ?" ಎಂದಳು.

ನಗು ಅಳಿಸಿದೆ. ಬಾಯಿಗೆ ತೂಕದ ಯಂತ್ರ ಕೊಟ್ಟೆ. ಹಲ್ಲಿನ ಸಂದಿಯಿಂದ ಸ್ಪ್ರಿಂಗು, ಮುಳ್ಳು ಎಲ್ಲ ಹೊರಗೆ ಚೆಲ್ಲುವಂತೆ ಬರೆದೆ. ನೋಡಿದವರಿಗೆ ಅಸಹ್ಯವಾಗಲಿ ಎಂದೇ ಬರೆದದ್ದು. ಅಸಹ್ಯವಾಯಿತು ಎಂದು ಪತ್ರಿಕೆಗೆ ಬರೆದ ಪುಣ್ಯಾತ್ಮರಿಗೆಲ್ಲ ನಾನು ಋಣಿ.

ನೀನು ನಗುವುದಕ್ಕೂ ಒಂದು ಸಂಗತಿ ಇದೆ. ಹಂದಿಯನ್ನು ಟಿ-ಶರ್ಟಿಗೆ ಅಚ್ಚು ಹಾಕಿಸಿದೆವು. ದಪ್ಪಗಿರುವುದು ನಮ್ಮ ಹಕ್ಕು ಎಂದು ಊರೆಲ್ಲ ಸಾರುವ ನಾವು, ಅಂಗಡಿಯವನಿಗೆ ಅಳತೆ ಹೇಳುವುದನ್ನೇ ಮರೆತಿದ್ದೆವು! ಅವನ ಅತಿ ದೊಡ್ಡ ಅಂಗಿ ಡೆಲ್ಫೀನಳ ಭುಜದಲ್ಲೇ ಸಿಕ್ಕಿಕೊಂಡಿತು. ಇಬ್ಬರು ಹಿಡಿದು ಎಳೆದು ಬಿಡಿಸಿದೆವು. ಕೊನೆಗೆ ಎಲ್ಲವನ್ನೂ ಕತ್ತರಿಸಿ, ಜೋಡಿಸಿ, ಗೋಡೆಯಗಲದ ಒಂದೇ ಬಾವುಟ ಹೊಲಿದು, ಅದರ ಮೇಲೆ ದೊಡ್ಡ ಹಂದಿಯೊಂದನ್ನು ಬರೆದೆ. ಈಗ ಅದು ನಮ್ಮೆಲ್ಲರಿಗೂ ಹಿಡಿಸುತ್ತದೆ.

ಬಾವುಟದ ಕೆಳಗೆ ರೋಸಲಿಂಡಳ ಹೆಸರಿದೆ. ನನ್ನ ಜೊತೆ ಈ ಮನೆಯಲ್ಲಿದ್ದ ಗೆಳತಿ. ನೀನು ಒಮ್ಮೆ ಅವಳನ್ನು ನೋಡಿ, ಮುಖ ಎಷ್ಟು ಲಕ್ಷಣ, ಪಾಪ, ಎಂದಿದ್ದೆ. ಆ ಕ್ಲಿನಿಕ್ಕಿನ ಡಾಕ್ಟರ್ ಅವಳಿಗೂ ಊಟ ಬಿಡಿಸಿ ಬಾಟಲಿಯ ರಸ ಕುಡಿಸಿದ. ಮೈ ಇಳಿಯಿತು, ಎಲ್ಲರೂ ಹೊಗಳಿದರು. ಅಡುಗೆಮನೆಯಲ್ಲಿ ನಿಂತಿದ್ದವಳು ಹಾಗೇ ಕುಸಿದಳು, ಹೃದಯ ನಿಂತುಹೋಗಿತ್ತು. ಸಾವಿಗೆ ಕಾರಣ ಬೊಜ್ಜು ಎಂದು ಅವನು ಬರೆದ. ಅಂಥವನ ಬಾಗಿಲಿಗೆ ಇದಕ್ಕಿಂತ ಸಭ್ಯವಾದ ಚಿತ್ರ ಬರೆಯಲು ನನ್ನ ಕೈ ಏಳುವುದಿಲ್ಲ.

ನಿನ್ನ ಸಂಘದವರಿಗೆ ನನ್ನ ನಮಸ್ಕಾರ ತಿಳಿಸುವ ಅಗತ್ಯವಿಲ್ಲ.

ನೀನು ಹಾಡಿ ಕುಣಿಸಿದ ಹಂದಿಮರಿ,
ಕೊರಿನ್

ತಾ.ಕ.: ನಿನ್ನ ಅಕ್ಷರ ಸಾಲು ಬಿಟ್ಟು ಓಡಿದೆ. ರೋಸಲಿಂಡಳ ಕೈಯೂ ಕೊನೆಕೊನೆಗೆ ಹೀಗೇ ನಡುಗುತ್ತಿತ್ತು. ಬಾಟಲಿಗಳನ್ನು ಮೋರಿಗೆ ಸುರಿ, ಅಮ್ಮ. ಒಂದು ಮೊಟ್ಟೆಯಾದರೂ ಬೇಯಿಸಿ ತಿನ್ನು. ನನಗೆ ಭಯವಾಗುತ್ತಿದೆ. ಬಾವುಟದ ಹಂದಿಗೆ ಬಟ್ಟೆಯ ಬಾಲ ಹೊಲಿದಿದ್ದೇವೆ, ಸುರುಳಿ ನಿಲ್ಲುತ್ತಿಲ್ಲ. ತಂತಿ ತೆಗೆದುಕೊಂಡು ಶುಕ್ರವಾರದ ಬಸ್ಸಿಗೆ ಬಾ. ರೋಸಲಿಂಡಳ ಹೆಸರಿನ ಪಕ್ಕ ಜಾಗ ಖಾಲಿಯಿತ್ತು. ಅಲ್ಲೆಲ್ಲ ಬೇಕೆಂದೇ ಹೂ ಹೊಲಿದುಬಿಟ್ಟಿದ್ದೇನೆ. ಇನ್ನೊಂದು ಹೆಸರು ಹಿಡಿಸುವುದಿಲ್ಲ.