ಲಂಗೋಟಿ ಮಡಚುವ ಹೊತ್ತಿನ ಪ್ರಾರ್ಥನೆ

ಅಡುಗೆಮನೆಯ ಮೇಜಿನಿಂದ,
ಗುರುವಾರ, ಮಾರ್ಚ್ ೧೪, ಬೆಳಗಿನ ಹನ್ನೊಂದೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿ ನೋವು ಹೇಗಿದೆ? ವಾರ್ಡಿನಲ್ಲಿ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿ, ನೀನು ಮಾತ್ರ ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ನಿಂತುಕೊಂಡೇ ಮುಗಿಸುವ ಅಭ್ಯಾಸ ಬಿಟ್ಟೆಯೋ ಇಲ್ಲವೋ? ನಾಲ್ಕು ತಿಂಗಳಿಂದ ಕೇಳಬೇಕು ಅಂದುಕೊಂಡು ಈಗ ಕೇಳುತ್ತಿದ್ದೇನೆ. ಉತ್ತರ ಕೊಡಲೇಬೇಕೆಂದಿಲ್ಲ, ಆದರೆ ಕೂತು ಊಟ ಮಾಡು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹುಟ್ಟಿದ ದಿನವೇ ನೀನು ‘ಟೊಮೇಟೊ’ ಅಂತ ಕರೆದ ನನ್ನ ಮಗಳು ಈಗ ಬೋರಲು ಬೀಳುತ್ತಾಳೆ. ಬಿದ್ದ ಮೇಲೆ ಯಾರೋ ತಳ್ಳಿದರು ಅನ್ನುವ ಹಾಗೆ ನಮ್ಮನ್ನೇ ಗುರಾಯಿಸುತ್ತಾಳೆ. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನಾನೇ ಎಬ್ಬಿಸಿಬಿಡುತ್ತೇನೆ. ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಮೊದಲ ದರ್ಜೆ ತಗೊಂಡವಳ ಕಥೆ ಇದು, ನಗಬೇಡ.

ಈ ಹೆದರಿಕೆಗೆ ಪ್ರಾರ್ಥನೆಯೇ ಮದ್ದು, ದಿನಾ ಮಾಡು ಅಂದರು ಚರ್ಚಿನ ಪಾದ್ರಿಗಳು. ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಬೇಕಂತೆ. ಏಳುವುದಕ್ಕೆ ಮೊದಲು ಮಲಗಿರಬೇಕಲ್ಲ ಅಂತ ಕೇಳೋಣ ಅನ್ನಿಸಿತು, ಗೌರವಕ್ಕೆ ಸುಮ್ಮನಾದೆ. ಮೊದಲ ವಾರ ಅಲಾರಂ ಇಟ್ಟೆ; ಎದ್ದದ್ದು ಮಗು. ಎರಡನೇ ವಾರ ಮಂಚದ ಪಕ್ಕ ಮೊಣಕಾಲೂರಿದೆ. ‘ತಂದೆಯೇ’ ಅನ್ನುವಷ್ಟರಲ್ಲಿ ತಲೆ ವಾಲಿ, ಇವರು ಬಂದು ಎಬ್ಬಿಸಿದಾಗ ಕೆನ್ನೆ ತುಂಬ ಹೊದಿಕೆಯ ಗೀರು. ದೇವರಿಗೂ ನಾನು ಸರಿಹೋಗುವವಳಲ್ಲ ಅಂತ ಅತ್ತುಬಿಟ್ಟೆ. ಆಗ ಅತ್ತೆ ಅಂದರು, ‘ದೇವರನ್ನ ಕುರ್ಚಿ ಹಾಕಿ ಕೂರಿಸಿಯೇ ಮಾತಾಡಬೇಕು ಅಂತ ಯಾರೇ ಹೇಳಿದ್ದು? ದಿನಾ ತಪ್ಪದೆ ಮಾಡೋ ಕೆಲಸ ಒಂದು ಹಿಡ್ಕೋ, ಅದರ ಜೊತೆಗೇ ಮಾತಾಡು.’ ತಪ್ಪದೆ ನಡೆಯುವ ಕೆಲಸ ಈ ಮನೆಯಲ್ಲಿ ಒಂದೇ: ಹತ್ತೂವರೆಗೆ ಬಾಲ್ಕನಿಯ ಹಗ್ಗದಿಂದ ಒಣಗಿದ ಲಂಗೋಟಿಗಳನ್ನು ತಂದು ಈ ಮೇಜಿನ ಮೇಲೆ ಮಡಚುವುದು. ಒಂದು ಲಂಗೋಟಿಗೆ ಒಬ್ಬರು. ಮೊದಲನೆಯದು ಮಗಳಿಗೆ, ಎರಡನೆಯದು ಇವರಿಗೆ, ಆಮೇಲೆ ಅತ್ತೆ, ಅಪ್ಪ. ಐದನೆಯದು ನಿನಗೆ.

ನಿನ್ನ ಸರದಿ ಬಂದಾಗ ನನ್ನ ಪ್ರಾರ್ಥನೆ ಉದ್ದವಾಗುತ್ತಿತ್ತು. ಕರ್ತನೇ, ಅಕ್ಕನಿಗೆ ಒಳ್ಳೆಯ ಬುದ್ಧಿ ಕೊಡು. ಹೆರಿಗೆಗೆ ಅಂತ ಒಂದು ತಿಂಗಳ ರಜೆ ಹಾಕಿ ಬಂದವಳು ಒಂಬತ್ತನೇ ದಿನಕ್ಕೇ ಗಂಟುಮೂಟೆ ಕಟ್ಟಿದಳಲ್ಲ, ಆ ಕೋಪ ಇಳಿಸು. ಒಂದು ಮಾತು ಹೆಚ್ಚುಕಮ್ಮಿ ಆದರೆ ತಂಗಿಯನ್ನೇ ಬಿಟ್ಟುಬಿಡುವುದೇ, ಕರ್ತನೇ? ಒಂದು ದಿನ ಇದು ಜೋರಾಗಿಯೇ ನಡೆದಿತ್ತು. ಎರಡನೇ ಪಾಳಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ ಇವರು ಬಾಗಿಲಿಂದಲೇ, ‘ಇದೇನು ಪ್ರಾರ್ಥನೆಯೋ, ದೇವರ ಹತ್ರ ಚಾಡಿಯೋ?’ ಅಂದು ಹೋಗೇಬಿಟ್ಟರು.

ನನಗೆ ಮೈಯೆಲ್ಲಾ ಉರಿದುಹೋಯಿತು. ಮರುದಿನ ಚಾಡಿಯಾಗದ ಹಾಗೆ, ನಡೆದದ್ದನ್ನು ನಡೆದಂತೆ ಹೇಳೋಣ ಅಂತ ಹಟ ಹಿಡಿದು ಶುರು ಮಾಡಿದರೆ, ಅಕ್ಕಾ, ಅದರಲ್ಲಿ ನೀನು ಮಾಡಿದ ತಪ್ಪು ಅಂತ ಏನೂ ಸಿಗಲಿಲ್ಲ. ನೀನು ಮಗುವಿಗೆ ಸ್ನಾನ ಮಾಡಿಸಲು ಎತ್ತಿಕೊಂಡೆ. ಸಾಂಕ್ರಾಮಿಕ ರೋಗದ ವಾರ್ಡಿನವಳು ಅಂತ ನಾನು ಆಗಲೇ ಮೂರು ಸಲ ನಿನ್ನ ಕೈ ತೊಳೆಸಿದ್ದೆ. ನೀನು ಮೂರು ಸಲವೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಿದ್ದೆ. ಆದರೂ ಮಗುವನ್ನು ಕಿತ್ತುಕೊಂಡು, ‘ಆ ಕೈಯಲ್ಲಿ ನನ್ನ ಮಗೂನ ಮುಟ್ಟಬೇಡ’ ಅಂದೆ. ಅಮ್ಮ ತೀರಿಕೊಂಡ ಮೇಲೆ ದಿನಾ ನನ್ನ ತಲೆ ಬಾಚಿದ ಕೈ ಅದು. ಅರ್ಧ ಮಡಚಿದ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ, ಆರನೆಯದಕ್ಕೆ ಹೋಗಲು ಆಗಲಿಲ್ಲ. ಮೂರು ದಿನದಿಂದ ಹೀಗೇ, ಐದನೆಯದಕ್ಕೇ ನಿಲ್ಲುತ್ತದೆ. ದೇವರಿಗೆ ಹೇಳಿದ್ದಾಯಿತು, ನಿನಗೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ ಅಂತ ತೋರಿತು. ಅದಕ್ಕೇ ಈ ಕಾಗದ.

ತಪ್ಪು ನನ್ನದು ಅಕ್ಕಾ. ಹೆದರಿಕೆಯ ನೆಪ ಹೇಳುವುದಿಲ್ಲ. ಹೆದರಿದವಳೂ ನಾಲಿಗೆ ಬಿಗಿ ಹಿಡಿಯಬಹುದಿತ್ತು. ಕ್ಷಮಿಸು.

ದೇವರು ನಿನ್ನನ್ನು ಕಾಯಲಿ, ನಿನ್ನ ವಾರ್ಡಿನವರನ್ನೂ. ನಿನ್ನನ್ನು ಕೇಳಿದೆ ಅಂತ ಬರೆಯಲು ಅತ್ತೆ ಹೇಳಿದ್ದಾರೆ.

ನಿನ್ನ
ತಲೆಹರಟೆ ತಂಗಿ

ತಾ.ಕ.: ಮಗಳ ದೀಕ್ಷಾಸ್ನಾನಕ್ಕೆ ಧರ್ಮಮಾತೆ ಯಾರು ಅಂತ ತುಂಬಲು ಪಾದ್ರಿಗಳು ಫಾರಂ ಕೊಟ್ಟಿದ್ದರು. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆದುಕೊಟ್ಟಿದ್ದೇನೆ. ಅವಳನ್ನು ಎತ್ತಿಕೊಂಡು ಎಲ್ಲರ ಮುಂದೆ ನಿಲ್ಲಬೇಕಾದವಳು ನೀನೇ. ನೀನು ಬರುವ ತನಕ ತಾರೀಖು ಇಡಬೇಡಿ ಅಂತಲೂ ಹೇಳಿಬಂದೆ. ಅವಸರವೇನೂ ಇಲ್ಲ, ನಿನ್ನ ಮನಸ್ಸು ತಿಳಿಯಾದಾಗ ಬಾ. ಆದರೆ ಆ ದಿನಕ್ಕೆಂದು ಅವಳಿಗೆ ಹೊಲಿಸಿದ ಬಿಳಿ ಗೌನು ಈಗಲೇ ಕಂಕುಳಲ್ಲಿ ಬಿಗಿ, ತೋಳು ತೂರಿಸುವಾಗ ಕಿರುಚುತ್ತಾಳೆ. ಬೇಗ ಬಾ ಅಕ್ಕಾ.